ಜನವರಿ ಒಂದರಂದು ಯಾವ ಕೌಂಟಿ?

ನಾರ್ಡಲ್, ವಿಸ್ಕಾನ್ಸಿನ್
ಅಕ್ಟೋಬರ್ 16

ಲವಾನ್,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಒಡೆಯದೆ ಒಲೆಗೆ ಹಾಕಬೇಡ, ಒಳಗೆ ಕೆಲಸದ ವಿಷಯ ಇದೆ.

ಮೊದಲು ಹಳೆಯದನ್ನು ಮುಗಿಸಿಬಿಡುತ್ತೇನೆ. ಆರು ವರ್ಷದ ಹಿಂದೆ ಚರ್ಚಿನ ನೆಲಮಾಳಿಗೆಯಲ್ಲಿ ಯೂಕರ್ ಇಸ್ಪೀಟು ಆಡುವಾಗ ನೀನು ಇಳಿಸಿದ್ದ ಎಕ್ಕದ ಮೇಲೆ ನಾನು ತುರುಪು ಹೊಡೆದೆ. ಗೆಲ್ಲುತ್ತಿದ್ದ ಜೊತೆಗಾತಿಯ ಎಲೆಯನ್ನೇ ಕಡಿದವಳಿಗೆ ಈ ಸೀಮೆಯಲ್ಲಿ ಮಾಫಿ ಇಲ್ಲ, ಒಪ್ಪಿದೆ. ಬಹುಮಾನದ ಹ್ಯಾಮ್, ಅಷ್ಟು ದೊಡ್ಡ ಹಂದಿತೊಡೆ, ಎದುರಾಳಿ ಲುಂಡ್ ದಂಪತಿಗಳ ಪಾಲಾಯಿತು. ಅವತ್ತು ಇಸ್ಪೀಟು ಮೇಜಿನ ಮೇಲಿಟ್ಟು, ಕೋಟು ಹಾಕಿಕೊಂಡು ಹೋದವಳು ನೀನು ಮತ್ತೆ ನನ್ನೊಂದಿಗೆ ಮಾತಾಡಲಿಲ್ಲ. ನಾನೇನು ಕಮ್ಮಿ ಸೊಕ್ಕಿನವಳೇ? ಒಂದು ಹ್ಯಾಮಿಗೆ ಇಷ್ಟೊಂದು ಬಿಗುಮಾನವೇ ಎಂದು ಮೂಗು ಮುರಿದು ಕೂತೆ. ನಾಲ್ಕು ವರ್ಷದ ಹಿಂದೆ ನನ್ನ ಯಜಮಾನ ನಾರ್ಮನ್ ತೀರಿಕೊಂಡಾಗ ನೀನು ಚರ್ಚಿಗೆ ಬಂದು ಕೊನೆಯ ಸಾಲಿನಲ್ಲಿ ಕೂತು, ಕಾಫಿಗೂ ನಿಲ್ಲದೆ ಎದ್ದುಹೋದೆ. ನಾನು ನೋಡಿದೆ. ಅವತ್ತೇ ಬರೆಯಬೇಕಿತ್ತು.

ಈಗ ಕೆಲಸದ ವಿಷಯ. ನೀನು ಪ್ರತಿ ಮಂಗಳವಾರ ಹೋಲ್ಮ್‌ಬರ್ಗಿನ ಲೈಬ್ರರಿಯಲ್ಲಿ ಕೂತು ನಮ್ಮಂಥ ಮುದುಕ ಮುದುಕಿಯರಿಗೆ ಸರ್ಕಾರದ ಮೆಡಿಕೇರ್ ಆರೋಗ್ಯವಿಮೆಯ ಗೋಜಲು ಬಿಡಿಸಿ ಹೇಳುತ್ತೀಯಂತೆ, ಪೇಪರಿನಲ್ಲಿ ನಿನ್ನ ಫೋಟೋ ಬಂದಿತ್ತು. (ಆ ಕನ್ನಡಕ ನಿನಗೆ ಒಪ್ಪುವುದಿಲ್ಲ.) ನನ್ನ ಅಂಚೆಪೆಟ್ಟಿಗೆಯಲ್ಲಿ ಒಂದೇ ತಿಂಗಳಿನಲ್ಲಿ ಮೂವತ್ತೊಂದು ಜಾಹೀರಾತು ಬಂದು ಬಿದ್ದಿವೆ. ಎಲ್ಲದರ ಮೇಲೂ ಬಿಳಿ ಹಲ್ಲು ಕಿಸಿದ ಗಂಡ ಹೆಂಡತಿ ಸೈಕಲ್ಲು ಹೊಡೆಯುತ್ತಿರುತ್ತಾರೆ. ಈ ವಯಸ್ಸಿನಲ್ಲಿ ಅಷ್ಟು ಹಲ್ಲಿರುವವರಿಗೆ ವಿಮೆ ಯಾಕೆ ಬೇಕು ಅಂತ.

ನನ್ನ ಹತ್ತಿರ ನಾರ್ಮನ್ ಮಾಡಿಸಿಟ್ಟ ಪೂರಕ ವಿಮೆ ಇದೆ, ನೀಲಿ ಫೈಲಿನಲ್ಲಿ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು, "ಇದೊಂದನ್ನ ಮಾತ್ರ ಬಿಡಬೇಡ ಆರ್ಡಿಸ್" ಎಂದಿದ್ದ. ಬಿಟ್ಟಿಲ್ಲ. ಆದರೆ ಈಚೆಗೆ ನನ್ನ ಕಿವಿ ಸ್ವಲ್ಪ ಮಂದವಾಗಿದೆ, ಕಿವಿಯ ಯಂತ್ರ ಬೇಕು. ಅದಕ್ಕೆ ಮೆಡಿಕೇರೂ ಕೊಡುವುದಿಲ್ಲ, ನೀಲಿ ಫೈಲೂ ಕೊಡುವುದಿಲ್ಲ. ಜಾಹೀರಾತಿನ ಖಾಸಗಿ ಯೋಜನೆಗಳು ಕೊಡುತ್ತೇವೆ ಎನ್ನುತ್ತವೆ. ಬದಲಾಯಿಸುವುದಾದರೆ ಡಿಸೆಂಬರ್ ಏಳರೊಳಗೆ. ಬದಲಾಯಿಸಿದರೆ ನಾರ್ಮನ್‌ಗೆ ಕೊಟ್ಟ ಮಾತು ಹೋಗುತ್ತದೆ, ಬದಲಾಯಿಸದಿದ್ದರೆ ಇನ್ನೊಂದು ಹೋಗುತ್ತದೆ. ಆ ಇನ್ನೊಂದು ಏನೆಂದು ಈಗ ಕೇಳಬೇಡ.

ಫೋನ್ ಮಾಡಬೇಡ, ನನಗೆ ಬರೀ ಗೊರಗೊರ ಕೇಳಿಸುತ್ತದೆ. ಬರಿ.

ಹ್ಯಾಮ್ ಕಳೆದವಳು,
ಆರ್ಡಿಸ್ ಬ್ರೆಕೆ

*

ಹೋಲ್ಮ್‌ಬರ್ಗ್
ಅಕ್ಟೋಬರ್ 23

ಶ್ರೀಮತಿ ಬ್ರೆಕೆ ಅವರಿಗೆ,

ನಿಮ್ಮ ಪತ್ರ ತಲುಪಿತು. ನಾನು ಸ್ವಯಂಸೇವಕಿ, ಯಾವ ಕಂಪನಿಗೂ ಸೇರಿದವಳಲ್ಲ. ನಮಗೆ ಎರಡು ನಿಯಮಗಳಿವೆ. ಒಬ್ಬರ ವಿಷಯವನ್ನು ಇನ್ನೊಬ್ಬರ ಹತ್ತಿರ ಬಾಯಿ ಬಿಡುವಂತಿಲ್ಲ. ಮತ್ತು ಇರುವ ದಾರಿಗಳನ್ನು ತೋರಿಸಬಹುದೇ ಹೊರತು, ಇದೇ ದಾರಿ ಹಿಡಿಯಿರಿ ಎಂದು ಹೇಳುವಂತಿಲ್ಲ. ಕಾಲಿಗೆ ಬಿದ್ದು ಕೇಳಿದರೂ ಹೇಳುವುದಿಲ್ಲ. ಈಗಾಗಲೇ ಇಬ್ಬರು ಕೇಳಿ ನೋಡಿದ್ದಾರೆ.

ವಿಷಯ ಇಷ್ಟು. ಸರ್ಕಾರದ ಮೆಡಿಕೇರನ್ನು ಒಂದು ಕೋಟು ಎಂದುಕೊಳ್ಳಿ. ಅದರಲ್ಲಿ ಗಾಳಿ ನುಗ್ಗುವ ತೂತುಗಳಿವೆ. ನಾರ್ಮನ್ ಮಾಡಿಸಿದ ಪೂರಕ ವಿಮೆ ಆ ಕೋಟಿಗೆ ಹಾಕಿದ ಅಸ್ತರು. ತಿಂಗಳ ಕಂತು ಹೆಚ್ಚು, ಆದರೆ ಮೆಡಿಕೇರ್ ಒಪ್ಪುವ ಯಾವ ಡಾಕ್ಟರ ಹತ್ತಿರವಾದರೂ ಹೋಗಬಹುದು. ಖಾಸಗಿ ಯೋಜನೆ ಎಂದರೆ ಆ ಕೋಟಿನ ಬದಲು ಕಂಪನಿ ಕೊಡುವ ಬೇರೆ ಕೋಟು. ಅದಕ್ಕೆ ಹಲ್ಲು, ಕಿವಿ, ವ್ಯಾಯಾಮಶಾಲೆ ಎಂದು ಹೆಚ್ಚಿನ ಜೇಬುಗಳಿರುತ್ತವೆ. ಆದರೆ ಅವರ ಪಟ್ಟಿಯಲ್ಲಿರುವ ಡಾಕ್ಟರುಗಳ ಹತ್ತಿರವೇ ಹೋಗಬೇಕು. ಆ ಪಟ್ಟಿ ಒಂದೊಂದು ಜಿಲ್ಲೆಗೆ, ಒಂದೊಂದು ಕೌಂಟಿಗೆ ಬೇರೆಬೇರೆ.

ಆದ್ದರಿಂದ ಮೂರು ಸಂಗತಿ ಬರೆದು ಕಳಿಸಿ. ಒಂದು, ನೀವು ನುಂಗುವ ಮಾತ್ರೆಗಳು. ಎರಡು, ಬಿಡಲು ಮನಸ್ಸಿಲ್ಲದ ಡಾಕ್ಟರುಗಳು. ಮೂರು, ಹೊಸ ಯೋಜನೆ ಶುರುವಾಗುವ ಜನವರಿ ಒಂದರಂದು ನೀವು ಯಾವ ಕೌಂಟಿಯಲ್ಲಿ ವಾಸವಾಗಿರುತ್ತೀರಿ. ಫಾರಂ ಜೊತೆಗಿದೆ. ಅಲ್ಲಿಯವರೆಗೆ ಯಾವುದಕ್ಕೂ ಸಹಿ ಹಾಕಬೇಡಿ.

ಇಂತಿ,
ಲವಾನ್ ಕುಬಿಯಾಕ್

ನನಗೆ ಸಿಟ್ಟು ಬಂದದ್ದು ಹ್ಯಾಮಿಗೆ ಎಂದು ಆರು ವರ್ಷ ನಂಬಿಕೊಂಡು ಕೂತಿದ್ದೆಯಾ? ಹ್ಯಾಮ್ ಅಲ್ಲ.

*

ನಾರ್ಡಲ್
ಅಕ್ಟೋಬರ್ 30

ಗೌರವಾನ್ವಿತ ಲವಾನ್ ಕುಬಿಯಾಕ್ ಅವರ ಪಾದಗಳಿಗೆ,

ಒಂದೇ ಬೆಂಚಿನಲ್ಲಿ ಕೂತು ಒಂದೇ ಸೇಬು ಕಚ್ಚಿದವರು ನಾವು, ಈಗ 'ಶ್ರೀಮತಿ ಬ್ರೆಕೆ ಅವರಿಗೆ' ಅಂತೆ. ನಿನ್ನ ನೀವು-ಗೀವು ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ಕೊನೆಯ ಎರಡು ಸಾಲು ಓದಿದೆ, ನಗು ನಿಂತಿತು. ಹ್ಯಾಮ್ ಅಲ್ಲದಿದ್ದರೆ ಇನ್ನೇನು? ಅವತ್ತಿನ ಸಂಜೆಯನ್ನು ಮತ್ತೆ ಮತ್ತೆ ತಿರುವಿ ನೋಡಿದೆ, ಏನೂ ಸಿಗಲಿಲ್ಲ. ಹೇಳಿಬಿಡು ಮಾರಾಯ್ತಿ.

ಫಾರಂ ತುಂಬಿ ಇಟ್ಟಿದ್ದೇನೆ. ಮಾತ್ರೆ ಮೂರು, ಬರೆದಿದ್ದೇನೆ. ಬಿಡಲಾಗದ ಡಾಕ್ಟರು ಒಬ್ಬಳೇ, ಲಾ ಕ್ರಾಸ್‌ನ ಕಣ್ಣಿನ ಡಾಕ್ಟರ್ ಓಡೆಗಾರ್ಡ್. ನನ್ನ ಎರಡು ಕಣ್ಣನ್ನೂ ಉಳಿಸಿದವಳು ಅವಳು. ಈಗ ನಾನು ಅರ್ಧ ಮಾತನ್ನು ಜನರ ತುಟಿ ನೋಡಿಯೇ ತಿಳಿದುಕೊಳ್ಳುವುದು. ಕಿವಿ ಕೊಡಿಸುವ ಯೋಜನೆ ನನ್ನಿಂದ ಆ ಡಾಕ್ಟರನ್ನು ಕಿತ್ತುಕೊಂಡರೆ, ಒಂದು ಕಡೆ ತೇಪೆ ಹಾಕಿ ಇನ್ನೊಂದು ಕಡೆ ಹರಿದಂತೆ ಆಗುತ್ತದೆ.

ಇನ್ನೊಂದು ಹೇಳಬೇಕು, ಬೈಯಬೇಡ. ಶನಿವಾರ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಒಂದು ಕಂಪನಿಯವರು ವಿಮೆಯ ಬಗ್ಗೆ ಮಾತು, ಕಾಫಿ, ಬಿಸ್ಕತ್ತು ಎಂದು ಕರೆದಿದ್ದರು. ಹೋದೆ. ಹುಡುಗ ಒಳ್ಳೆಯವನೇ, ಟೈ ಮಾತ್ರ ವಕ್ರ. ಅವನು ಮಾತಾಡಿದ, ನಾನು ತಲೆಯಾಡಿಸಿದೆ. ಅವನು ಇನ್ನಷ್ಟು ಮಾತಾಡಿದ, ನಾನು ಇನ್ನಷ್ಟು ಆಡಿಸಿದೆ. ಒಂದು ಅಕ್ಷರ ಕೇಳಿಸಿರಲಿಲ್ಲ. ನೋಡಿದರೆ ನನ್ನ ಮುಂದೆ ಕಾಗದ, ಕೈಯಲ್ಲಿ ಪೆನ್ನು. ಹೆಸರು ಬರೆದೇಬಿಟ್ಟೆ. ವಿಳಾಸದ ಸಾಲು ಬಂದಾಗ ಕೈ ನಿಂತಿತು, ಕೌಂಟಿ ಯಾವುದೆಂದು ಬರೆಯಲಾಗಲಿಲ್ಲ. "ಯೋಚನೆ ಮಾಡಿ ಬರ್ತೀನಿ" ಎಂದು ಎದ್ದು ಬಂದೆ. ನಿನ್ನ ಫಾರಂನಲ್ಲೂ ಆ ಜಾಗ ಖಾಲಿ ಬಿಟ್ಟಿದ್ದೇನೆ. ಎರಡು ಕೌಂಟಿ ಬರೆಯಬಹುದೇ?

ನಿನ್ನ
ಆರ್ಡಿಸ್

*

ಹೋಲ್ಮ್‌ಬರ್ಗ್
ನವೆಂಬರ್ 6

ಆರ್ಡಿಸ್,

ಎರಡು ಕೌಂಟಿ ಬರೆಯಲಾಗುವುದಿಲ್ಲ. ಮನುಷ್ಯರು ಯಾವುದಾದರೂ ಒಂದು ಕೌಂಟಿಯಲ್ಲಿ ಮಲಗುತ್ತಾರೆ, ಅದನ್ನು ಬರಿ. ನಲವತ್ತೆಂಟು ವರ್ಷದಿಂದ ಅದೇ ಮನೆಯಲ್ಲಿ ಇರುವವಳಿಗೆ ಈಗೇನು ಹೊಸ ಅನುಮಾನ? ಮನೆ ಮಾರುತ್ತಿದ್ದೀಯಾ? ಮಗಳ ಹತ್ತಿರ ಹೋಗುತ್ತಿದ್ದೀಯಾ? ಹೇಳದಿದ್ದರೆ ನಾನು ಯಾವ ಪಟ್ಟಿಯನ್ನು ಹುಡುಕಲಿ?

ಆ ಹುಡುಗನ ಕಾಗದ ಹರಿದು ಹಾಕು. ಇನ್ನು ಮೇಲೆ ಕೇಳಿಸದಿದ್ದರೆ ತಲೆ ಆಡಿಸಬೇಡ, 'ಕೇಳಿಸಲಿಲ್ಲ' ಅನ್ನು. ಸುಲಭದ ಮಾತು.

ಕೇಳಿದ್ದೀಯಲ್ಲ, ಹೇಳುತ್ತೇನೆ. ಅವತ್ತು ಸಂಜೆ ಮೂರನೇ ಆಟಕ್ಕೆ ನೀನು ಎಲೆ ಕಲೆಸುತ್ತಿದ್ದೆ. ಅದೇ ದಿನ ಮಧ್ಯಾಹ್ನ ಡಾಕ್ಟರು ನನ್ನ ಎದೆಯಲ್ಲಿ ಗಡ್ಡೆ ಇದೆ ಎಂದಿದ್ದರು. ನನ್ನ ಮಗಳಿಗೂ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಲುಂಡ್ ದಂಪತಿಗಳು ಕಾಫಿಗೆ ಎದ್ದುಹೋದಾಗ ನಿನ್ನ ಕಡೆ ಬಾಗಿ ಹೇಳಿದೆ, "ಆರ್ಡಿಸ್, ನನಗೆ ಗಡ್ಡೆ ಇದೆಯಂತೆ. ಹೆದರಿಕೆ ಆಗ್ತಿದೆ ಕಣೇ." ನೀನು ಎಲೆಯಿಂದ ಕಣ್ಣೆತ್ತಲಿಲ್ಲ. ಮುಗುಳ್ನಕ್ಕು "ಒಳ್ಳೇದಾಯ್ತು ಬಿಡು" ಎಂದು ಎಲೆ ಹಂಚಿದೆ.

ಆಮೇಲೆ ನೀನು ಎಕ್ಕ ಕಡಿದರೇನು, ರಾಣಿ ಕಡಿದರೇನು. ಕೋಟು ಹಾಕಿಕೊಂಡು ಹೊರಟೆ. ಆ ಚಳಿಗಾಲ ಚಿಕಿತ್ಸೆಗೆ ಒಬ್ಬಳೇ ಹೋಗಿಬಂದೆ. ಈಗ ಗುಣವಾಗಿದೆ, ಐದು ವರ್ಷ ದಾಟಿತು. ಆಗಲೇ ನಾನು ಈ ವಿಮೆಯ ಕಾಗದಗಳನ್ನು ಓದಲು ಕಲಿತದ್ದು. ಸಿಟ್ಟು ಈಗ ಮೊದಲಿನಷ್ಟಿಲ್ಲ. ಆದರೆ ಆ 'ಒಳ್ಳೇದಾಯ್ತು' ಇನ್ನೂ ಒಳಗೆ ಚುಚ್ಚುತ್ತದೆ.

ಬರೀ ಇದೇ ಬರೆದು ಪತ್ರ ಮುಚ್ಚಲು ಮನಸ್ಸಿಲ್ಲ, ಒಂದು ನಗುವ ಸುದ್ದಿ. ಹೊಳೆಯಾಚೆ ಇರುವ ನನ್ನ ತಮ್ಮ ಲ್ಯಾಡಿ ನಿನಗೆ ನೆನಪಿರಬಹುದು. ಚೀಸ್ ಕಾರ್ಖಾನೆಯಲ್ಲಿದ್ದನಲ್ಲ, ಈಗ ಶುಕ್ರವಾರಗಳಂದು ಸಪ್ಪರ್ ಕ್ಲಬ್ಬಿನಲ್ಲಿ ಊಟಕ್ಕೆ ಬಂದವರ ಮುಂದೆ ತಿದಿಯೊತ್ತಿ ಕಾನ್ಸರ್ಟಿನಾ ನುಡಿಸುತ್ತಾನೆ. ನಲವತ್ತು ವರ್ಷ ಸಾಕಿದ ಮೀಸೆಯನ್ನು ಹೋದ ತಿಂಗಳು ಬೋಳಿಸಿಬಿಟ್ಟಿದ್ದಾನೆ. ಯಾಕೋ ಎಂದರೆ, "ಸುಮ್ನೆ, ಸೆಖೆ ಆಗ್ತಿತ್ತು" ಎನ್ನುತ್ತಾನೆ. ಅಕ್ಟೋಬರಿನಲ್ಲಿ, ವಿಸ್ಕಾನ್ಸಿನ್ನಿನಲ್ಲಿ, ಸೆಖೆ. ಅವನ ತಲೆ ಕೆಟ್ಟಿದೆ ಎಂದು ನಾವೆಲ್ಲ ತೀರ್ಮಾನಿಸಿದ್ದೇವೆ.

ಕೌಂಟಿ ಬರೆದು ಕಳಿಸು.

ಲವಾನ್

*

ನಾರ್ಡಲ್
ನವೆಂಬರ್ 9

ಲವಾನ್,

ಮೂರು ಸಲ ಈ ಕಾಗದ ಬರೆದು ಹರಿದೆ. ನೇರವಾಗಿ ಹೇಳುತ್ತೇನೆ. ನನಗೆ ಕೇಳಿಸಿರಲಿಲ್ಲ.

'ಈಚೆಗೆ ಸ್ವಲ್ಪ ಮಂದ' ಎಂದು ಮೊದಲ ಪತ್ರದಲ್ಲಿ ಬರೆದದ್ದು ಸುಳ್ಳು. ಎಂಟು ವರ್ಷವಾಯಿತು. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಯಂತ್ರದ ಪಕ್ಕ ನಿಂತವಳ ಕಿವಿ ಇನ್ನೆಷ್ಟು ದಿನ ಬಾಳುತ್ತದೆ ಹೇಳು. ನಾರ್ಮನ್ ಮನೆಯಲ್ಲಿ ಕೂಗಿ ಕೂಗಿ ಮಾತಾಡುತ್ತಿದ್ದ, ಹೊರಗೆ ನನ್ನ ಪಕ್ಕ ಕೂತು ಎಲ್ಲವನ್ನೂ ಮತ್ತೆ ಹೇಳುತ್ತಿದ್ದ. ಅವನಿಲ್ಲದ ಕಡೆ ನಾನು ಒಂದು ಉಪಾಯ ಕಲಿತೆ. ಯಾರಾದರೂ ಮೆಲ್ಲಗೆ ಏನಾದರೂ ಅಂದರೆ ಮುಗುಳ್ನಕ್ಕು 'ಒಳ್ಳೇದಾಯ್ತು' ಅನ್ನುವುದು. ನೂರರಲ್ಲಿ ತೊಂಬತ್ತು ಸಲ ಅದು ನಡೆಯುತ್ತದೆ. 'ಕೇಳಿಸಲಿಲ್ಲ' ಅನ್ನುವುದು ಸುಲಭದ ಮಾತು ಎಂದೆಯಲ್ಲ, ನನಗೆ ಅದಕ್ಕಿಂತ ಕಷ್ಟದ ಮಾತು ಇರಲಿಲ್ಲ. ಮುದುಕಿಯಾದೆ ಎಂದು ಒಪ್ಪಿಕೊಳ್ಳಲು ನಾಚಿಕೆ, ಅಷ್ಟೆ. ಆ ನಾಚಿಕೆಗೆ ನಿನ್ನ ಆ ಚಳಿಗಾಲವನ್ನು ಬಲಿ ಕೊಟ್ಟೆ. ನೀನು ಒಬ್ಬಳೇ ಚಿಕಿತ್ಸೆಗೆ ಹೋಗಿಬರುವಾಗ ನಾನು ಪಕ್ಕದೂರಿನಲ್ಲೇ ಕೂತು ಹ್ಯಾಮಿನ ಬಗ್ಗೆ ಗೊಣಗುತ್ತಿದ್ದೆ. ತಪ್ಪಾಯಿತು, ಲವಾನ್. ಇದಕ್ಕಿಂತ ದೊಡ್ಡ ಮಾತು ನನಗೆ ಗೊತ್ತಿಲ್ಲ.

ಇನ್ನು ಕೌಂಟಿ. ಕೂತುಕೊಂಡು ಓದು.

ಮೀಸೆ ಬೋಳಿಸಿದ್ದು ನನಗಾಗಿ. ಆ ಪೊದೆಯ ಹಿಂದೆ ಅವನ ತುಟಿ ಅಲ್ಲಾಡುವುದೇ ನನಗೆ ಕಾಣುತ್ತಿರಲಿಲ್ಲ. ನಿನ್ನ ತಮ್ಮ ಮೊದಲೇ ಮೆಲುಮಾತಿನವನು, ಅವನ ಮಾತು ಅವನ ಅಂಗಿಗೇ ಕೇಳಿಸುವುದು ಕಷ್ಟ. ಹೋದ ಬೇಸಿಗೆಯಿಂದ ಶುಕ್ರವಾರದ ಹುರಿದ ಮೀನಿನ ಊಟಕ್ಕೆ ನಾನು ಹೊಳೆಯಾಚೆ ಹೋಗುತ್ತಿದ್ದೇನೆ. ಅವನ ವಾದ್ಯ ನನಗೆ ಕೇಳಿಸುವುದಿಲ್ಲ, ಮರದ ನೆಲದಿಂದ ಪಾದಕ್ಕೆ ಬರುತ್ತದೆ. ನಾನು ಪಾದ ತಟ್ಟುವುದನ್ನು ನೋಡಿ, ನನಗೆ ಅವನ ಸಂಗೀತ ಇಷ್ಟ ಎಂದು ತಿಳಿದು ಬಂದು ಕೂತ. ಒಂದು ವಾರ ಕೂತ, ಆಮೇಲೆ ಎಲ್ಲಾ ವಾರ. ಸೆಪ್ಟೆಂಬರ್ ಕೊನೆಯ ಶುಕ್ರವಾರ ನಾನು, "ನಿನ್ನ ಬಾಯೇ ಕಾಣಲ್ಲ ಲ್ಯಾಡಿ" ಎಂದೆ. ಮುಂದಿನ ಶುಕ್ರವಾರ ಮೀಸೆ ಇಲ್ಲ. ತಟ್ಟೆಯ ಕೆಳಗೆ ಹಾಸುವ ಕಾಗದ ಇರುತ್ತದಲ್ಲ, ಊರಿನ ಜಾಹೀರಾತು ತುಂಬಿರುವುದು, ಅದರ ಮೇಲೆ ಶವಸಂಸ್ಕಾರದವರ ಜಾಹೀರಾತಿಗೂ ಕಕ್ಕಸುಗುಂಡಿ ತೊಳೆಯುವವರ ಜಾಹೀರಾತಿಗೂ ನಡುವೆ ಖಾಲಿ ಇದ್ದ ಜಾಗದಲ್ಲಿ ಬರೆದ: 'ನನ್ನ ಮದುವೆ ಆಗ್ತೀಯಾ? ಅವಸರ ಏನಿಲ್ಲ. ಆದ್ರೆ ನನಗೆ ಎಪ್ಪತ್ತೊಂದು.'

ನಾನು ಅದರ ಕೆಳಗೆ ಬರೆದೆ: 'ಬಾಯಲ್ಲಿ ಕೇಳು. ನನಗೆ ಕೇಳಿಸೋ ದಿನ ಕೇಳು. ಆಗ ಹೇಳ್ತೀನಿ.'

ಕೇಳಿಸದ ಮಾತಿಗೆ ತಲೆಯಾಡಿಸಿ ಆಡಿಸಿ ಸಾಕಾಗಿದೆ ನನಗೆ. ಇದೊಂದಕ್ಕಾದರೂ ಕಿವಿಯಾರೆ ಕೇಳಿ ಉತ್ತರ ಕೊಡಬೇಕು. ಅದಕ್ಕೇ ಯಂತ್ರ ಬೇಕು, ಅದಕ್ಕೇ ಈ ಯೋಜನೆಗಳ ಪೀಕಲಾಟ. ಮದುವೆಯಾದರೆ ಹೊಳೆಯಾಚೆಯ ಕೌಂಟಿಯಲ್ಲಿರುವ ಅವನ ಮನೆಗೆ ಹೋಗುವುದೋ, ಅವನೇ ಇಲ್ಲಿಗೆ ಬರುವುದೋ ಗೊತ್ತಿಲ್ಲ, ಆದ್ದರಿಂದ ಕೌಂಟಿ ಖಾಲಿ. ನಾರ್ಮನ್‌ನ ಕುರ್ಚಿಯಿರುವ ಮನೆಗೆ ಇನ್ನೊಬ್ಬನನ್ನು ಹೇಗೆ ಕರೆಯಲಿ? ನಾರ್ಮನ್‌ನ ನೀಲಿ ಫೈಲನ್ನು ಇನ್ನೊಬ್ಬನ ಮಾತು ಕೇಳಿಸಿಕೊಳ್ಳಲು ಹೇಗೆ ಬಿಡಲಿ? ಅದೂ ನಿನ್ನ ತಮ್ಮನ ಮಾತು. ನೀನು ಬೇಡವೆಂದರೆ ನಾನು ಮುಂದೆ ಹೆಜ್ಜೆ ಇಡುವುದಿಲ್ಲ.

ಆರ್ಡಿಸ್

*

ನಾರ್ಡಲ್
ನವೆಂಬರ್ 24

ಲವಾನ್,

ಹದಿನೈದು ದಿನವಾಯಿತು, ನಿನ್ನಿಂದ ಒಂದು ಸಾಲಿಲ್ಲ. ದಿನಾ ಕಿತ್ತಳೆ ಬಣ್ಣದ ಕೋಟು ತೊಟ್ಟು ಅಂಚೆಪೆಟ್ಟಿಗೆಯವರೆಗೆ ಹೋಗಿಬರುತ್ತೇನೆ, ಇಲ್ಲದಿದ್ದರೆ ಈ ಬೇಟೆಯ ವಾರದಲ್ಲಿ ಯಾರಾದರೂ ನನ್ನನ್ನು ಜಿಂಕೆ ಎಂದುಕೊಂಡಾರು. ಸಿಗುವುದು ಬರೀ ಸೈಕಲ್ಲಿನ ದಂಪತಿಗಳು.

ನಿನ್ನೆ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಲ್ಯಾಡಿ ಇಲ್ಲಿಗೆ ಬಂದಿದ್ದ. ಟರ್ಕಿ ಕೋಳಿ ಸ್ವಲ್ಪ ಒಣಗಿತ್ತು, ಆದರೂ ಎರಡು ಸಲ ಹಾಕಿಸಿಕೊಂಡ. ನಾರ್ಮನ್‌ನ ಕುರ್ಚಿಯ ಹತ್ತಿರ ನಿಂತವನು ಕೂರಲಿಲ್ಲ, ಅಡುಗೆಮನೆಯಿಂದ ಮುಕ್ಕಾಲಿ ತಂದುಕೊಂಡು ಕೂತ. ಅಕ್ಕ ಫೋನೇ ಎತ್ತುತ್ತಿಲ್ಲ ಎಂದು ಚೀಟಿಯಲ್ಲಿ ಬರೆದು ತೋರಿಸಿದ, ಮುಖ ಸಣ್ಣದಾಗಿತ್ತು. ನಾನು ನಿನಗೆ ಏನು ಬರೆದಿದ್ದೇನೆಂದು ಅವನಿಗೆ ಹೇಳಿಲ್ಲ.

ನಿನಗೆ ಸಿಟ್ಟಿದ್ದರೆ ಸಿಟ್ಟು ಎಂದಾದರೂ ಬರಿ. ಇನ್ನು ಹದಿಮೂರು ದಿನ ಉಳಿದಿದೆ.

ಆರ್ಡಿಸ್

*

ಹೋಲ್ಮ್‌ಬರ್ಗ್
ನವೆಂಬರ್ 28

ಆರ್ಡಿಸ್,

ನಿನ್ನ ಒಂಬತ್ತನೇ ತಾರೀಖಿನ ಪತ್ರವನ್ನು ನಿಂತುಕೊಂಡೇ ಓದತೊಡಗಿದೆ. ಮೊದಲ ಅರ್ಧಕ್ಕೆ ಕೂತು ಅತ್ತೆ. ಎರಡನೇ ಅರ್ಧಕ್ಕೆ ಎದ್ದು ನಕ್ಕೆ. ಪಕ್ಕದ ಮನೆಯವರು ಬಾಗಿಲು ತಟ್ಟಿ "ಏನಾದ್ರೂ ಆಯ್ತಾ" ಎಂದು ಕೇಳಿದರು.

ಆಮೇಲೆ ಶುರುವಾಯಿತು ನನ್ನ ಗೋಳು. ನಿಯಮ ನೆನಪಿದೆಯಾ? ಒಬ್ಬರ ವಿಷಯ ಇನ್ನೊಬ್ಬರ ಹತ್ತಿರ ಬಾಯಿ ಬಿಡುವಂತಿಲ್ಲ. ನೀನು ಫಾರಂ ತುಂಬಿದವಳು, ಆದ್ದರಿಂದ ಸ್ವಂತ ತಮ್ಮನ ಹತ್ತಿರವೂ ಮಾತೆತ್ತುವಂತಿಲ್ಲ. ಲ್ಯಾಡಿಯ ಫೋನು ಬಂದಾಗೆಲ್ಲ ಅದನ್ನೇ ನೋಡುತ್ತಾ ಕೈ ಕಟ್ಟಿ ಕೂತೆ. ಎತ್ತಿದ್ದರೆ, 'ಅಯ್ಯೋ ಪೆದ್ದಾ, ಮೀಸೆ ಇದಕ್ಕಾ' ಎಂದು ಬಾಯಿ ತಪ್ಪಿ ಬರುತ್ತಿತ್ತು. ಹಬ್ಬಕ್ಕೆ ಮ್ಯಾಡಿಸನ್ನಿನ ಮಗಳ ಮನೆಗೆ ಓಡಿಹೋದೆ. ನಿನಗೆ ಬರೆಯದೆ ಇದ್ದದ್ದು ಸಿಟ್ಟಿಗಲ್ಲ. ಎರಡು ಕೌಂಟಿಯ ಪಟ್ಟಿಗಳನ್ನೂ ಜಾಲಾಡದೆ ಬರೆಯಬಾರದು ಎಂದಿದ್ದೆ. ಹಬ್ಬದ ವಾರ, ಅರ್ಧ ಕಚೇರಿಗಳು ಮುಚ್ಚಿದ್ದವು.

ಈಗ ಕೇಳು, ಇವು ನಿನ್ನ ದಾರಿಗಳು. ನೀಲಿ ಫೈಲಿನಲ್ಲೇ ಉಳಿದರೆ ಕಣ್ಣಿನ ಡಾಕ್ಟರ್ ಉಳಿಯುತ್ತಾಳೆ, ಎಲ್ಲಿಗೆ ಹೋದರೂ ಉಳಿಯುತ್ತಾಳೆ. ಕಿವಿಯ ಯಂತ್ರ ಮಾತ್ರ ಪೂರ್ತಿ ನಿನ್ನ ಕೈಯಿಂದ. ಲ್ಯಾಡಿಯ ಕೌಂಟಿಯಲ್ಲಿ ಕಿವಿಗೆ ಕೊಡುವ ಯೋಜನೆ ಒಂದಿದೆ, ಅದರ ಪಟ್ಟಿಯಲ್ಲಿ ಡಾಕ್ಟರ್ ಓಡೆಗಾರ್ಡ್ ಇಲ್ಲ. ನಿನ್ನ ಕೌಂಟಿಯಲ್ಲಿ ಇನ್ನೊಂದಿದೆ, ಅದರಲ್ಲಿ ಕಿವಿಯೂ ಇದೆ, ಆಕೆಯೂ ಇದ್ದಾಳೆ. ಆಕೆಯ ಕಚೇರಿಗೆ ನಾನೇ ಎರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದೇನೆ. ಹಾಗೆಂದು ಪಟ್ಟಿ ವರ್ಷ ವರ್ಷ ಬದಲಾಗಬಹುದು, ಅದನ್ನೂ ತಿಳಿದಿರು.

ನಾರ್ಮನ್‌ನ ಮಾತಿಗೆ ಬರುತ್ತೇನೆ. ಸಾಮಾನ್ಯವಾಗಿ ಪೂರಕ ವಿಮೆ ಬಿಟ್ಟವರು ಮತ್ತೆ ಬೇಕೆಂದರೆ ಆರೋಗ್ಯದ ಪ್ರಶ್ನೆಗಳಿಗೆ ಉತ್ತರ ಹೇಳಬೇಕು, ಕಂಪನಿ ಬೇಡ ಅನ್ನಬಹುದು. ಅವನ ಭಯ ಅದೇ ಇದ್ದಿರಬೇಕು. ಆದರೆ ಮೊದಲ ಸಲ ಅದನ್ನು ಬಿಟ್ಟು ಖಾಸಗಿ ಯೋಜನೆಗೆ ಹೋಗುವವರಿಗೆ ಒಂದು ವರ್ಷದ ಅವಕಾಶ ಇದೆ. ಅಷ್ಟರೊಳಗೆ ಮನಸ್ಸು ಬದಲಾದರೆ, ಆ ಕಂಪನಿ ಅದನ್ನು ಇನ್ನೂ ಮಾರುತ್ತಿದ್ದರೆ, ಯಾವ ಪ್ರಶ್ನೆಯೂ ಇಲ್ಲದೆ ಅದೇ ನೀಲಿ ಫೈಲಿಗೆ ಮರಳಬಹುದು. ಆದ್ದರಿಂದ ಫೈಲನ್ನು ಎಸೆಯಬೇಡ. ಮನೆಯಲ್ಲಿ ಕೂಗಿ, ಹೊರಗೆ ನಿನ್ನ ಪಕ್ಕ ಕೂತು ಎಲ್ಲವನ್ನೂ ಎರಡೆರಡು ಸಲ ಹೇಳಿದವನು ನಾರ್ಮನ್. ನೀನು ಕೇಳಿಸಿಕೊಳ್ಳಬೇಕೆಂದು ಅವನಿಗಿಂತ ಹೆಚ್ಚು ಆಸೆಪಟ್ಟವರು ಯಾರಿದ್ದಾರೆ?

ಇಷ್ಟರಲ್ಲಿ ಯಾವುದನ್ನು ಆರಿಸಬೇಕೆಂದು ನಾನು ಹೇಳುವಂತಿಲ್ಲ. ಹೇಳುವುದೂ ಇಲ್ಲ.

ಆದರೆ ತಮ್ಮನ ವಿಷಯದಲ್ಲಿ ಅಂಥ ನಿಯಮವನ್ನು ಯಾವ ಸರ್ಕಾರವೂ ಮಾಡಿಲ್ಲ. ಅವನ ಷರತ್ತುಗಳನ್ನು ಓದಿ ಹೇಳುತ್ತೇನೆ. ಸೌದೆ ಒಡೆಯುವುದು, ಹಿಮ ಬಾಚುವುದು, ಚೀಸ್ ಪೂರೈಕೆ, ಇವೆಲ್ಲ ಯೋಜನೆಯಲ್ಲಿ ಸೇರಿವೆ. ಪಾತ್ರೆ ತೊಳೆಯುವುದು ಸೇರಿಲ್ಲ. ಗೊರಕೆಗೆ ಪರಿಹಾರ ಇಲ್ಲ, ಮಲಗುವಾಗ ಯಂತ್ರ ತೆಗೆದಿಡು. ಕಾನ್ಸರ್ಟಿನಾ ಮೊದಲಿನಿಂದಲೂ ಇರುವ ಕಾಯಿಲೆ. ಒಂದು ವರ್ಷದೊಳಗೆ ಮರಳಿಸುವ ಅವಕಾಶವೂ ಇಲ್ಲ, ನಾನು ವಾಪಸು ತೆಗೆದುಕೊಳ್ಳುವುದಿಲ್ಲ.

ಎಪ್ಪತ್ತೊಂದು ವರ್ಷದಿಂದ ಅವನನ್ನು ನೋಡುತ್ತಿದ್ದೇನೆ. ಒಪ್ಪಿಕೋ, ಆರ್ಡಿಸ್. ಇದಕ್ಕಿಂತ ಒಳ್ಳೆಯದು ಎರಡೂ ಕೌಂಟಿಯಲ್ಲಿ ಸಿಗುವುದಿಲ್ಲ.

ಮಂಗಳವಾರ, ಡಿಸೆಂಬರ್ ಐದಕ್ಕೆ ಲೈಬ್ರರಿಗೆ ಬಾ. ಮಾತ್ರೆಗಳ ಪಟ್ಟಿ ತಾ. ಆಪಲ್ ಪೈ ಕೂಡ ತಾ, ಆರು ವರ್ಷವಾಯಿತು ತಿಂದು.

ನಿನ್ನ
ಲವಾನ್

*

ನಾರ್ಡಲ್
ಡಿಸೆಂಬರ್ 8

ಲವಾನ್,

ಮಂಗಳವಾರ ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದನ್ನು ನೋಡಿ ಲೈಬ್ರರಿಯವಳು ನೀರು ತಂದುಕೊಟ್ಟಳಲ್ಲ, ಅವಳಿಗೊಂದು ಪೈ ಕಳಿಸಬೇಕು. ನೀನು ಸ್ಲೇಟಿನ ಮೇಲೆ ಬರೆದು ಬರೆದು ತೋರಿಸಿದ್ದನ್ನು ನಾನು ಮನೆಗೆ ಬಂದು ಮತ್ತೆ ಕಾಗದಕ್ಕೆ ಇಳಿಸಿಕೊಂಡೆ. ಕನ್ನಡಕ ಎದುರಿನಿಂದ ನೋಡಿದರೆ ಅಷ್ಟೇನೂ ಕೆಟ್ಟದಾಗಿಲ್ಲ.

ನಿನ್ನೆ, ಕೊನೆಯ ದಿನ, ಲ್ಯಾಡಿಯನ್ನು ಕರೆಸಿ ಎದುರಿಗೆ ಕೂರಿಸಿಕೊಂಡು ಹೇಳಿದೆ, "ನಾನು ಇನ್ನೂ ಒಪ್ಪಿಲ್ಲ, ನೆನಪಿರಲಿ. ಆದ್ರೆ ಒಂದ್ ವೇಳೆ ಒಪ್ಪಿದ್ರೆ ನೀನೇ ಇಲ್ಲಿಗೆ ಬರಬೇಕಾಗುತ್ತೆ, ಯಾಕಂದ್ರೆ ನನ್ನ ಕಣ್ಣಿನ ಡಾಕ್ಟ್ರು ನಿನ್ನ ಕೌಂಟಿ ಪಟ್ಟಿಯಲ್ಲಿಲ್ಲ." ಅವನು ಚೀಟಿಯಲ್ಲಿ ಬರೆದ: 'ನನ್ನ ಚೀಸ್ ಇಡೋಕೆ ನೆಲಮಾಳಿಗೆ ತಣ್ಣಗಿದೆಯಾ?' ಇದೆ ಎಂದೆ. 'ಹಾಗಾದ್ರೆ ಬರ್ತೀನಿ' ಎಂದು ಬರೆದ. ಯಾರು ಯಾರ ಮನೆಗೆ ಹೋಗಬೇಕೆಂಬುದನ್ನು ಕಡೆಗೆ ವಿಮೆಯ ಪಟ್ಟಿ ತೀರ್ಮಾನಿಸಿತು ನೋಡು. ಮನೆ ಬದಲಿಸಿದವರಿಗೆ ಯೋಜನೆ ಬದಲಿಸಲು ಬೇರೆ ಅವಧಿ ಸಿಗುತ್ತದೆ ಎಂದು ನೀನು ಹೇಳಿದ್ದನ್ನು ಅವನಿಗೆ ಹೇಳಿದೆ. ನನ್ನ ಹತ್ತಿರವೇ ವಿಮೆ ಕಲಿತವನಂತೆ ತಲೆದೂಗಿದ.

ಆಮೇಲೆ ನಾನು ನಾರ್ಮನ್‌ನ ಕುರ್ಚಿಯ ಮೇಲಿದ್ದ ಪತ್ರಿಕೆಗಳ ಗುಡ್ಡೆ ಎತ್ತಿ ಪಕ್ಕಕ್ಕಿಟ್ಟೆ. "ಕೂತ್ಕೋ, ಮುಕ್ಕಾಲಿ ಬೆನ್ನು ಮುರಿಯುತ್ತೆ" ಎಂದೆ. ಅವನು ಕೂತ. ನನಗೆ ಅಳು ಬಂತು, ಕೆಟ್ಟ ಅಳುವಲ್ಲ.

ನೀಲಿ ಫೈಲು ಮೇಜಿನ ಮೇಲಿನ ಖಾನೆಯಲ್ಲೇ ಇದೆ. ಕೌಂಟಿ ಇದ್ದ ಕಡೆ ನಮ್ಮದನ್ನೇ ಬರೆದೆ, ಬೇರೆ ಶಾಯಿಯಲ್ಲಿ, ದಪ್ಪಗೆ. ಸಂಜೆ ನಾಲ್ಕಕ್ಕೆ, ಕಿವಿಯೂ ಡಾಕ್ಟರ್ ಓಡೆಗಾರ್ಡೂ ಇರುವ ಯೋಜನೆಗೆ ಸಹಿ ಹಾಕಿದೆ.

ಆರ್ಡಿಸ್

*

ನಾರ್ಡಲ್
ಫೆಬ್ರವರಿ 3

ಪ್ರೀತಿಯ ಲವಾನ್,

ಬುಧವಾರ ಯಂತ್ರ ಬಂತು. ಎರಡು ಕಡಲೆಕಾಳಿನಷ್ಟಿವೆ. ಕಿವಿ ಡಾಕ್ಟರು ಹಾಕಿದ ಕೂಡಲೇ ಹೊರಗೆ ಬಂದೆ. ಕಾಲಡಿಯ ಹಿಮ ಕರಕರ ಅಂದಿತು. ನಿಂತೆ, ನಿಂತಿತು. ನಡೆದೆ, ಮತ್ತೆ ಕರಕರ. ಕಾರಿನವರೆಗೆ ನಾಲ್ಕು ಸಲ ಹೋಗಿಬಂದೆ. ಮನೆಗೆ ಬಂದರೆ ಫ್ರಿಜ್ಜು ಒಂದೇ ಸಮನೆ ಹಾಡುತ್ತಿದೆ, ಗೋಡೆಯ ಗಡಿಯಾರ ಟಿಕ್ ಟಿಕ್ ಅನ್ನುತ್ತಿದೆ. ಅದಕ್ಕೊಂದು ದನಿಯಿದೆ ಎಂಬುದೇ ಮರೆತುಹೋಗಿತ್ತು ನನಗೆ. ನಾರ್ಮನ್ ಹೋದ ಮೇಲೆ ಸುಮ್ಮನೆ ಅಭ್ಯಾಸಬಲಕ್ಕೆ ಕೀಲಿ ಕೊಡುತ್ತಿದ್ದೆ.

ನಿನ್ನೆ ಶುಕ್ರವಾರ. ಸಪ್ಪರ್ ಕ್ಲಬ್ಬಿಗೆ ಹೋದೆ, ಯಂತ್ರದ ವಿಷಯ ಲ್ಯಾಡಿಗೆ ಹೇಳದೆ. ಅವನು ವೇದಿಕೆಯ ಮೇಲೆ ಕಾನ್ಸರ್ಟಿನಾ ನುಡಿಸುತ್ತಿದ್ದ. ಲವಾನ್, ಅವನು ಚೆನ್ನಾಗಿ ನುಡಿಸುವುದಿಲ್ಲ. ಎರಡು ಕೌಂಟಿಯ ಜನಕ್ಕೂ ಗೊತ್ತಿದ್ದ ಈ ವಿಷಯವನ್ನು ಒಬ್ಬರಾದರೂ ನನಗೆ ಹೇಳಬಾರದಿತ್ತೇ? ನೀನು ಕಾಯಿಲೆ ಎಂದದ್ದನ್ನು ನಾನು ತಮಾಷೆ ಎಂದುಕೊಂಡಿದ್ದೆ. ಆದರೂ ಪಾದ ತಟ್ಟಿದೆ. ಪಾದಕ್ಕೆ ಈಗಲೂ ಅದು ಇಷ್ಟವೇ.

ನುಡಿಸುವುದು ಮುಗಿಸಿ ಬಂದು ಎದುರಿಗೆ ಕೂತ. ಕೂದಲು ಸರಿಸಿ ಕಿವಿ ತೋರಿಸಿದೆ. ಅವನ ಮುಖ ನೋಡಬೇಕಿತ್ತು ನೀನು. ಮೀನು ಹಾಗೇ ಬಿಟ್ಟು, ಕೈ ಒರೆಸಿಕೊಂಡು, ಮೆಲ್ಲಗೆ, ತನ್ನ ಅಂಗಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ, "ಆರ್ಡಿಸ್, ನನ್ನ ಮದುವೆ ಆಗ್ತೀಯಾ?" ಎಂದ.

ಪ್ರತಿಯೊಂದು ಅಕ್ಷರವೂ ಕೇಳಿಸಿತು. ಅವನ ದನಿ ಈಗ ಹೇಗಿದೆ ಎಂದು ನಾನು ಒಂಬತ್ತು ತಿಂಗಳು ಊಹೆ ಮಾಡಿಕೊಂಡಿದ್ದೆ. ಅದಕ್ಕಿಂತ ಚೆನ್ನಾಗಿದೆ.

ಕಿವಿಗೆ ಕೈ ಒಡ್ಡಿ, "ಏನಂದೆ?" ಎಂದೆ.

ಸ್ವಲ್ಪ ಗಟ್ಟಿಯಾಗಿ ಹೇಳಿದ. "ಏನಂದೆ?" ಎಂದೆ. ಮೂರನೇ ಸಲ ಎದ್ದು ನಿಂತು ಹೇಳಿದ, ಅಡುಗೆಮನೆಯಲ್ಲಿ ಮೀನು ಕರಿಯುವವರೂ ಬಾಗಿಲಿಗೆ ಬಂದು ನಿಂತರು. ಆಗ, "ಕೇಳಿಸ್ತು ಮಾರಾಯ, ಮೊದಲನೇ ಸಲವೇ ಕೇಳಿಸ್ತು. ಆಗ್ತೀನಿ, ಕೂತ್ಕೋ" ಎಂದೆ. ಇಡೀ ಸಪ್ಪರ್ ಕ್ಲಬ್ಬು ಚಪ್ಪಾಳೆ ಹೊಡೆಯಿತು. ಆ ಸದ್ದಿಗೆ ಯಂತ್ರ ಕೀಂಯ್ ಎಂದಿತು, ಸರಿಮಾಡಿಸಬೇಕು. ಏಪ್ರಿಲಿನ ಎರಡನೇ ಶನಿವಾರ ಎಂದುಕೊಂಡಿದ್ದೇವೆ, ಸಾಕ್ಷಿಯ ಸಹಿ ನಿನ್ನದು.

ಅದಕ್ಕೆ ಮೊದಲು ಒಂದು ಕೆಲಸ ಬಾಕಿ ಇದೆ. ಮುಂದಿನ ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ಯೂಕರ್ ಇದೆ, ನಿನ್ನ ಜೊತೆಗಾತಿ ಎಂದು ನನ್ನ ಹೆಸರು ಬರೆಸಿದ್ದೇನೆ. ಅರ್ಧ ಗಂಟೆ ಮುಂಚೆ ಬಾ, ಯಾರೂ ಇರುವುದಿಲ್ಲ. ಅದೇ ಮೇಜಿಗೆ ಕೂರೋಣ. ಅವತ್ತು ನನ್ನ ಕಡೆ ಬಾಗಿ ಹೇಳಿದೆಯಲ್ಲ, ಆ ಮಾತನ್ನು ಇನ್ನೊಂದು ಸಲ ಹೇಳು. ಎಷ್ಟು ಮೆಲ್ಲಗಾದರೂ ಹೇಳು. ಇಸ್ಪೀಟಿನ ಕಟ್ಟು ನಾನು ಮುಟ್ಟುವುದಿಲ್ಲ.

ಯಾವತ್ತೂ ನಿನ್ನ,
ಆರ್ಡಿಸ್